ಜೋ ಕೂಲಿಯನ್ನು ಮೆಚ್ಚುವುದು ಸಂಗೀತಕ್ಕೋ, ಸಾವಿನ ಕಥೆಗೋ?

ಗಾಳಿಚೀಲ:
ಮೂರು ದಿನದಿಂದ ಒಂದೇ ರೆಕಾರ್ಡ್ ಕೇಳುತ್ತಿದ್ದೇನೆ. ಐರ್ಲೆಂಡಿನ ಬಟನ್ ಅಕಾರ್ಡಿಯನ್ (ತಿದಿ ಎಳೆದು ಒತ್ತಿ, ಗುಂಡಿ ಅದುಮಿ ನುಡಿಸುವ ವಾದ್ಯ) ವಾದಕ ಜೋ ಕೂಲಿ ಅವರದ್ದು. (ನಮ್ಮ ಕೂಲಿ ಅಲ್ಲ, ಅದು ಮನೆತನದ ಹೆಸರು. ಆದರೂ ಕಟ್ಟಡ ಕೆಲಸ ಮಾಡಿ ಹೊಟ್ಟೆ ಹೊರೆದವರೇ.) ಹುಟ್ಟಿದ್ದು 1924ರಲ್ಲಿ, ಗಾಲ್ವೇ ಕೌಂಟಿಯ ಪೀಟರ್ಸ್‌ವೆಲ್ ಎಂಬ ಹಳ್ಳಿಯಲ್ಲಿ. 1954ರಲ್ಲಿ ಅಮೆರಿಕಕ್ಕೆ ಹೋದರು, 1972ರಲ್ಲಿ ಊರಿಗೆ ವಾಪಸ್ ಬಂದರು. 1973ರ ನವೆಂಬರ್ 29ರಂದು ತಮ್ಮೂರಿನ ಲಹಿಫ್ ಪಬ್‌ನಲ್ಲಿ ನುಡಿಸಿದರು. ಜೊತೆಗೆ ಬ್ಯಾಂಜೋದಲ್ಲಿ ಡೆಸ್ ಮುಲ್ಕೇರ್, ಬೌರಾನ್‌ನಲ್ಲಿ ಒಡಹುಟ್ಟಿದ ಜಾಕ್. ಬೌರಾನ್ ಅಂದರೆ ಆಡಿನ ಚರ್ಮದ, ನಮ್ಮ ತಮಟೆಯ ನೆಂಟನಂಥ ವಾದ್ಯ. ಅದಾಗಿ ಮೂರು ವಾರಕ್ಕೆ ಕೂಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ. ಅವತ್ತಿನ ಆ ನುಡಿಸಾಣಿಕೆ 1975ರಲ್ಲಿ ಗೇಲ್ ಲಿನ್ ಸಂಸ್ಥೆಯ ರೆಕಾರ್ಡಾಗಿ ಬಂತು.

ಸಾಯುವ ಮನುಷ್ಯ ನುಡಿಸುತ್ತಿದ್ದಾನೆ ಅಂತ ಎಲ್ಲೂ ಅನ್ನಿಸುವುದಿಲ್ಲ. ಇಷ್ಟು ಖುಷಿಯ ಸಂಗೀತ ನಾನು ಕೇಳಿಲ್ಲ. ಇಲ್ಲಿ ಇನ್ಯಾರಾದರೂ ಕೇಳಿದ್ದೀರಾ?

ಕಿವಿ_ಗಟ್ಟಿ:
ಕೇಳಿದ್ದೇನೆ. ಬೇಜಾರು ಮಾಡ್ಕೋಬೇಡಿ, ನನಗೆ ಅಷ್ಟೇನೂ ಹಿಡಿಸಲಿಲ್ಲ. ಜನರ ಕೂಗು, ಗ್ಲಾಸಿನ ಸದ್ದು, ಕಾಲು ಬಡಿಯುವ ಸದ್ದು. ನೀವೇ ನೋಡಿ, ನಿಮ್ಮ ಬರಹದಲ್ಲಿ ಅರ್ಧ ಭಾಗ ಸಾವಿನ ತಾರೀಕು. ಮೂರು ವಾರಕ್ಕೆ ತೀರಿಕೊಂಡರು ಅನ್ನುವುದು ಗೊತ್ತಿಲ್ಲದೇ ಹೋಗಿದ್ದರೆ ಇಷ್ಟು ಮೆಚ್ಚುತ್ತಿದ್ದಿರಾ?

ಗಾಲ್ವೇಯ ಅಕಾರ್ಡಿಯನ್ನೇ ಬೇಕು ಅಂದರೆ ಜೋ ಬರ್ಕ್ ಕೇಳಿ. ಅದೇ ಕೌಂಟಿಯ ಕಿಲ್ನಡೀಮಾದವರು, 1939ರಿಂದ 2021. 'ಬಕ್ಸ್ ಆಫ್ ಓರನ್‌ಮೋರ್' ಅಂತ ಒಂದು ರೀಲ್, ಅಂದರೆ ಐರಿಷ್ ಕುಣಿತದ ಧಾಟಿ, ಇದೆ. ಸಾಮಾನ್ಯವಾಗಿ ರೀಲ್‌ಗೆ ಎರಡು ಭಾಗ, ಅದಕ್ಕೆ ಐದು. ಬರ್ಕ್ ಅದನ್ನು ನುಡಿಸುವಾಗ ಒಂದೊಂದು ಸ್ವರವೂ ಪೋಣಿಸಿದ ಮುತ್ತಿನ ಹಾಗೆ. ಅವರ ಮುಂದೆ ಕೂಲಿ ನುಡಿಸುವುದು ಒರಟು.

ಡಬ್ಲಿನ್_ಮಳೆ:
ಒರಟು ಅಲ್ಲ ಸರ್, ಪದ್ಧತಿಯೇ ಬೇರೆ. ನಾನು ಇಲ್ಲಿ ಎರಡು ವರ್ಷದಿಂದ ಸೆಟ್ ಡಾನ್ಸ್ (ಐರಿಷ್ ಗುಂಪು ಕುಣಿತ) ಕ್ಲಾಸಿಗೆ ಹೋಗುತ್ತೇನೆ, ಸುಮ್ನೆ ಮೈ ಇಳಿಸಲಿಕ್ಕೆ. ಮೈ ಇಳಿಯಲಿಲ್ಲ, ಹುಚ್ಚು ಹಿಡಿಯಿತು. ನಮ್ಮ ಟೀಚರ್ ಮೊದಮೊದಲು ಚಂದದ, ಚುರುಕಾದ ರೆಕಾರ್ಡ್‌ಗಳನ್ನೇ ಹಾಕುತ್ತಿದ್ದರು. ನಮ್ಮ ಕಾಲು ಎಲ್ಲೋ, ತಾಳ ಎಲ್ಲೋ. ಒಂದು ದಿನ ಕೂಲಿ ಹಾಕಿದರು. ಎಂಟು ಜನರಲ್ಲಿ ಆರು ಜನ ಸರಿಯಾಗಿ ಹೆಜ್ಜೆ ಹಾಕಿದೆವು. ಇಲ್ಲಿನವರು ಇದಕ್ಕೆ 'ಲಿಫ್ಟ್' ಅನ್ನುತ್ತಾರೆ. ವೇಗ ಅಲ್ಲ ಅದು. ಕಾಲಿನ ಕೆಳಗೆ ಯಾರೋ ಕೈ ಕೊಟ್ಟು ಮೇಲೆತ್ತಿದ ಹಾಗೆ. ಕೂಲಿ ಟುಲ್ಲಾ ಕೇಲಿ ಬ್ಯಾಂಡ್‌ನಲ್ಲಿ ಕುಣಿಯುವವರಿಗೇ ನುಡಿಸಿದವರು. ಕೂತು ಕೇಳುವವರಿಗಲ್ಲ.

ಕಿವಿ_ಗಟ್ಟಿ:
ಮೇಡಂ, ಕುಣಿಯಲಿಕ್ಕೆ ಚೆನ್ನಾಗಿದೆ ಅಂದರೆ ದೊಡ್ಡ ಸಂಗೀತ ಅಂತಲ್ಲ. ನಮ್ಮೂರ ಜಾತ್ರೆಯ ಬ್ಯಾಂಡಿಗೂ ಜನ ಕುಣಿಯುತ್ತಾರೆ.

ಪೇಟಿ_ಬೆಳಗಾವಿ:
ನಡುವೆ ಬಾಯಿ ಹಾಕುತ್ತೇನೆ. ನಾನು ಹಾರ್ಮೋನಿಯಂ ನುಡಿಸುವವನು, ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಐರಿಷ್ ಭಾಷೆಯಲ್ಲಿ ಅಕಾರ್ಡಿಯನ್ನಿಗೆ 'ಬೋಸ್ಕಾ ಕ್ಯೋಲ್', ಅಂದರೆ ಸಂಗೀತದ ಪೆಟ್ಟಿಗೆ. ಅವರದ್ದೂ ಪೇಟಿಯೇ!

ಆದರೆ ತಿದಿಯ ಲೆಕ್ಕ ಬೇರೆ. ಹಾರ್ಮೋನಿಯಂನಲ್ಲಿ ಒಂದು ಮನೆಗೆ, ಅಂದರೆ ಒಂದು ಕೀಗೆ, ಒಂದೇ ಸ್ವರ. ಅವರ ಬಟನ್ ಪೆಟ್ಟಿಗೆಯಲ್ಲಿ ತಿದಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಒಂದೇ ಸಾಲಿನಲ್ಲಿ ಶಂಕರಾಭರಣದ ಆರೋಹಣ ನುಡಿಸಿ ನೋಡಿ. ಸ ಒತ್ತು, ರಿ ಎಳೆ, ಗ ಒತ್ತು, ಮ ಎಳೆ, ಪ ಒತ್ತು, ದ ನಿ ಎರಡೂ ಎಳೆ, ಮೇಲಿನ ಸ ಒತ್ತು. ಎಂಟು ಸ್ವರಕ್ಕೆ ಆರು ಸಲ ತಿದಿ ದಿಕ್ಕು ಬದಲಿಸಬೇಕು. ಬದಲಿಸಿದಾಗೆಲ್ಲ ಸಣ್ಣ ಪೆಟ್ಟು ಬೀಳುತ್ತದೆ. ಕೂಲಿಯದ್ದು ಈ ಒತ್ತು-ಎಳೆ ಪದ್ಧತಿ.

ಬರ್ಕ್ ಅವರದ್ದು ಬಿ-ಸಿ ಪದ್ಧತಿ. ಗುಂಡಿಗಳ ಎರಡು ಸಾಲು, ಒಂದು ಬಿ ಶ್ರುತಿಯದ್ದು, ಇನ್ನೊಂದು ಸಿ ಶ್ರುತಿಯದ್ದು, ನಡುವೆ ಅರ್ಧ ಸ್ವರದ ಅಂತರ. ಡಿ ಶ್ರುತಿಯಲ್ಲಿ ಎರಡೂ ಸಾಲಿನಲ್ಲಿ ಬೆರಳು ಓಡಾಡಿಸಿದರೆ ಸ ಎಳೆ, ರಿ ಗ ಮ ಮೂರೂ ಒತ್ತು, ಪ ದ ನಿ ಸ ನಾಲ್ಕೂ ಎಳೆ. ಎರಡೇ ಸಲ ಬದಲಾವಣೆ. ಅದಕ್ಕೇ ಅಷ್ಟು ನಯ, ಗಿರಕಿ ಹಾಕಲಿಕ್ಕೂ ಜಾಗ ಜಾಸ್ತಿ. ಕಿವಿ_ಗಟ್ಟಿ ಅವರು ಒರಟು ಅಂದಿದ್ದು ತಿದಿ ತಿರುಗುವಾಗಿನ ಈ ಪೆಟ್ಟನ್ನೇ. ಡಬ್ಲಿನ್ ಮೇಡಂ ಕುಣಿದದ್ದೂ ಅದೇ ಪೆಟ್ಟಿನ ಬಲದಿಂದ.

ಗಾಳಿಚೀಲ:
ಪೇಟಿ ಅಣ್ಣ, ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಥ್ಯಾಂಕ್ಸ್.

ಕಿವಿ_ಗಟ್ಟಿ:
ಒಪ್ಪಿದೆ, ತಾಂತ್ರಿಕವಾಗಿ ಸರಿ. ಆದರೆ ಐರ್ಲೆಂಡಿನಲ್ಲೇ ಬಿ-ಸಿ ವಾದಕ ಪ್ಯಾಡಿ ಒ'ಬ್ರಯನ್ (1922–1991) ಅವರ ರೆಕಾರ್ಡ್‌ಗಳು 1950ರ ದಶಕದಲ್ಲಿ ಬಂದ ಮೇಲೆ ಎಳೆಯರು ಗುಂಪುಗುಂಪಾಗಿ ಬಿ-ಸಿ ಕಡೆ ಹೋದರು. ಸುಮ್ಮನೆ ಹೋದರಾ? ಇನ್ನೊಂದು ಮಾತು. ಆ ಪಬ್ ರೆಕಾರ್ಡ್ ಹೊರತಂದವರು ಟೋನಿ ಮ್ಯಾಕ್‌ಮಹೋನ್. ಸ್ವತಃ ದೊಡ್ಡ ಅಕಾರ್ಡಿಯನ್ ವಾದಕರು, ಕೂಲಿಯನ್ನು ಚಿಕ್ಕಂದಿನಿಂದ ಆರಾಧಿಸಿದವರು. ಭಕ್ತರು ಕಟ್ಟಿದ ಗುಡಿಯಲ್ಲಿ ದೇವರು ದೊಡ್ಡದಾಗಿಯೇ ಕಾಣುತ್ತಾನೆ, ಅಲ್ವಾ?

ಡಬ್ಲಿನ್_ಮಳೆ:
ಆ ಭಕ್ತ ಮ್ಯಾಕ್‌ಮಹೋನ್ ಅಕಾರ್ಡಿಯನ್ನನ್ನೇ ಬೈದವರು ಸರ್! ಈ ವಾದ್ಯ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ತಾವೇ ಹೇಳುತ್ತಿದ್ದರು. ಅವರಿಗಿಂತ ಮೊದಲು ಸಂಗೀತ ಸಂಯೋಜಕ ಶಾನ್ ಒ'ರಿಯಾಡ 1962ರಲ್ಲಿ ರೇಡಿಯೋದಲ್ಲೇ ಅಕಾರ್ಡಿಯನ್ನನ್ನು ಕಟುವಾಗಿ ಟೀಕಿಸಿದ್ದರು. ತಮಾಷೆ ಏನೆಂದರೆ ಅವರ ಮೇಳದಲ್ಲೇ ಸಾನಿ ಬ್ರೋಗನ್ ಅಕಾರ್ಡಿಯನ್ ಹಿಡಿದು ಕೂತಿದ್ದರು. ಇಷ್ಟು ಅನುಮಾನ ಇಟ್ಟುಕೊಂಡ ಮ್ಯಾಕ್‌ಮಹೋನ್, ಕೂಲಿ ಮುಂದೆ ಮಾತ್ರ ಸೋತರು. ಅದು ಕುರುಡು ಭಕ್ತಿ ಹೇಗಾಗುತ್ತದೆ?

ಪೇಟಿ_ಬೆಳಗಾವಿ:
ಈ ಬೈಗುಳ ನಮಗೇನು ಹೊಸದಾ? ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ವಿದೇಶಿ ಪೆಟ್ಟಿಗೆ, ಇದೇ ತಕರಾರು. ಆ ಕಾಲದಲ್ಲೂ ನಮ್ಮ ಬೆಳಗಾವಿಯ ಪಂಡಿತ್ ರಾಂಭಾವು ಬಿಜಾಪುರೆಯವರು ಪೇಟಿ ಬಿಡಲಿಲ್ಲ. ಸ್ವರ ಜಾರಿಸಲಾಗದ ಪೆಟ್ಟಿಗೆಯಲ್ಲಿ ಜಾರಿದ ಹಾಗೆ ಕೇಳಿಸುವುದೇ ಕೈಚಳಕ. ಕೂಲಿ ಬೇರೆ ದಾರಿ ಹಿಡಿದರು. ಜಾರಿಸುವ ಗೋಜಿಗೇ ಹೋಗದೆ, ಪೆಟ್ಟಿಗೆಗೆ ಏನು ಬರುತ್ತದೋ ಅದನ್ನೇ ಪೂರ್ತಿ ನುಡಿಸಿದರು. ನನಗೆ ಅದು ಧೈರ್ಯ ಅನ್ನಿಸುತ್ತದೆ. ನಾನು ಇಪ್ಪತ್ತು ವರ್ಷದಿಂದ ಪೇಟಿಯನ್ನು ಗಾಯಕರ ಗಂಟಲು ಮಾಡಲು ಒದ್ದಾಡುತ್ತಿದ್ದೇನೆ.

ಗಾಳಿಚೀಲ:
ಕಿವಿ_ಗಟ್ಟಿ ಸರ್, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಹೌದು, ಸಾವಿನ ಕಥೆ ಮೊದಲೇ ಓದಿದ್ದೆ. ಹಾಗಾಗಿ ನಿನ್ನೆ ಒಂದು ಪರೀಕ್ಷೆ ಮಾಡಿದೆ. ನಮ್ಮಮ್ಮನಿಗೆ ಏನೂ ಹೇಳದೆ ಎರಡನ್ನೂ ಕೇಳಿಸಿದೆ. ಬರ್ಕ್ ಕೇಳಿ "ಚೆನ್ನಾಗಿ ಬಾರಿಸ್ತಾರೆ" ಅಂದರು. ಕೂಲಿ ಕೇಳುವಾಗ ಏನೂ ಹೇಳಲಿಲ್ಲ, ಅವರೆಕಾಯಿ ಬಿಡಿಸುತ್ತಿದ್ದರು. ಆದರೆ ಕೈ ತಾಳಕ್ಕೆ ಓಡುತ್ತಿತ್ತು. ಮುಗಿದಾಗ "ಯಾರ ಮನೆ ಮದುವೆ?" ಅಂತ ಕೇಳಿದರು.

ಕಿವಿ_ಗಟ್ಟಿ:
ಅಮ್ಮನ ಅವರೆಕಾಯಿಯನ್ನು ಸಾಕ್ಷಿಗೆ ಕರೆದರೆ ನಾನೇನು ವಾದ ಮಾಡಲಿ! ಮತ್ತೆ ಕೇಳಿದೆ, ಈ ಸಲ ಹೆಡ್‌ಫೋನ್ ಇಲ್ಲದೆ. ಕಾಲಿನ ಸದ್ದು ಬಿಟ್ಟು ಕೇಳಬೇಕು ಅಂತಿದ್ದೆ, ಅದು ಬಿಟ್ಟರೆ ಏನೋ ಕಮ್ಮಿ ಆಗುತ್ತದೆ. ಅಷ್ಟು ಒಪ್ಪುತ್ತೇನೆ. ಮನೆಗೆ ಒಂದೇ ರೆಕಾರ್ಡ್ ಕೊಳ್ಳಿ ಅಂದರೆ ಈಗಲೂ ಬರ್ಕ್ ಅವರದ್ದೇ ಕೊಳ್ಳುತ್ತೇನೆ.

ಡಬ್ಲಿನ್_ಮಳೆ:
ಕೊಳ್ಳಿ ಸರ್, ನಮ್ಮಲ್ಲಿ ಎರಡೂ ಇವೆ. ಕೂಲಿಯ ಹೆಸರಿನ ರೀಲ್ ಒಂದಿದೆ, 'ಕೂಲೀಸ್ ರೀಲ್'. ಇಲ್ಲಿ ಹೊಸದಾಗಿ ಕಲಿಯುವವರೆಲ್ಲ ಬೇಗನೇ ಕಲಿಯುವ ರೀಲ್ ಅದು. ಪೇಟಿ ಅಣ್ಣ, ಒಮ್ಮೆ ನುಡಿಸಿ ಹಾಕಿ.

ಪೇಟಿ_ಬೆಳಗಾವಿ:
ನಿನ್ನೆ ರಾತ್ರಿಯೇ ಪ್ರಯತ್ನಿಸಿದೆ ತಂಗಿ. ಸ್ವರ ಸಿಕ್ಕಿತು, ಪೆಟ್ಟು ಸಿಗಲಿಲ್ಲ. ತಿದಿಯನ್ನು ತುಂಡು ತುಂಡಾಗಿ ಹೊಡೆದು ನೋಡಿದೆ, ಎಡಗೈ ಸೋತಿತು. ಹನ್ನೊಂದು ಗಂಟೆಗೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಬೈಯಲಿಕ್ಕೆ ಬಂದರು ಅಂದುಕೊಂಡೆ. "ಭಜನೆ ಯಾಕೆ ಇಷ್ಟು ಓಡಿಸ್ತಿದ್ದೀರಿ?" ಅಂತ ಕೇಳಿ ಹೋದರು.