ಸಹಾಯ ಬೇಕು: ವಾರಂಟಿಗಾಗಿ 6,000 ರೂಪಾಯಿ ಹೆಚ್ಚು ಕೊಡಬೇಕೇ?

ಮಗಳ ಸಂಗೀತ ಅಭ್ಯಾಸಕ್ಕೆ 61 ಕೀಲಿಗಳ ಯಮಹಾ ಪಿಎಸ್‌ಆರ್-ಇ473 ಕೀಬೋರ್ಡ್ ಕೊಳ್ಳಬೇಕೆಂದಿದ್ದೇನೆ. ಸಿಂಗಪುರದಿಂದ ಬರುವ ಭಾವಮೈದುನ ತಂದರೆ ಮೈಸೂರಿನ ಅಂಗಡಿಯ ಬೆಲೆಗಿಂತ 6,000 ರೂಪಾಯಿ ಉಳಿಯುತ್ತದೆ. ಆದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುವುದಿಲ್ಲವಂತೆ. ಜೊತೆಗೆ ಕಸ್ಟಮ್ಸ್ ತಲೆನೋವು ಬೇರೆ.

ನಮ್ಮ ಹಳೆಯ ಕೀಬೋರ್ಡಿನಲ್ಲಿ ಮೂರನೇ ವರ್ಷಕ್ಕೆ ನಡುವಿನ ‘ಗ’ ಸ್ವರದ ಕೀಲಿ ಮೂಕವಾಯಿತು. ಬಿಚ್ಚಿ ನೋಡಿದರೆ ಕೀಲಿಯಡಿಯ ರಬ್ಬರ್ ಪಟ್ಟಿಯಲ್ಲಿ ಧೂಳು, ಒಂದು ಸತ್ತ ಇರುವೆ! ಒರೆಸಿದ ಮೇಲೆ ಸರಿಹೋಯಿತು. ವಾರಂಟಿ ಅಷ್ಟರಲ್ಲಿ ಎಂದೋ ಮುಗಿದಿತ್ತು. ಹಾಗಾಗಿ ಅದರ ಮೇಲೆ ನನಗೆ ದೊಡ್ಡ ಭಕ್ತಿಯೇನೂ ಇಲ್ಲ. ಆದರೆ ಒಳಗಿನ ಬೋರ್ಡೇ ಕೈಕೊಟ್ಟರೆ?

ಮೊದಲ ವರ್ಷದಲ್ಲೇ ಕೆಟ್ಟು ವಾರಂಟಿಯಲ್ಲಿ ರಿಪೇರಿ ಮಾಡಿಸಿಕೊಂಡವರು ಇದ್ದೀರಾ? ಹೊರದೇಶದ ಬಿಲ್ ಇದ್ದರೆ, ದುಡ್ಡು ಕೊಟ್ಟಾದರೂ ಇಲ್ಲಿ ಬಿಡಿಭಾಗ ಸಿಗುತ್ತದೆಯೇ? ಭಾವಮೈದುನ ಶುಕ್ರವಾರ ಹೊರಡುತ್ತಾನೆ, ದಯವಿಟ್ಟು ಅಷ್ಟರೊಳಗೆ ತಿಳಿಸಿ.