ಚರಣದಲ್ಲಿ ಒಂದು ಕಾರ್ಡ್ ಸಿಗುತ್ತಲೇ ಇಲ್ಲ, ಸಹಾಯ ಮಾಡಿ

ಆರುತಂತಿ:
ಒಂದು ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಿವಿಯಿಂದಲೇ ಹಿಡಿಯಬೇಕು ಅಂತ ಕೂತಿದ್ದೇನೆ. ಪಲ್ಲವಿ ಸಲೀಸಾಗಿ ಬಂತು: ಜಿ, ಇ ಮೈನರ್, ಸಿ, ಡಿ. ಚರಣದ ಮೂರನೇ ಸಾಲಿನ ಕೊನೆಯಲ್ಲಿ ಬರುವ ಒಂದು ಕಾರ್ಡ್ ಮಾತ್ರ ಕೈಗೆ ಸಿಗುತ್ತಿಲ್ಲ. ಸಿ ಹಾಕಿದರೆ ಹತ್ತಿರ ಬರುತ್ತದೆ, ಆದರೆ ದನಿಯ ಜೊತೆ ಕಚ್ಚಾಡುತ್ತದೆ. ಎ ಮೈನರ್ ಇನ್ನೂ ಕೆಟ್ಟದಾಗಿ ಕೇಳುತ್ತದೆ. ನೆಟ್‌ನಲ್ಲಿ ಸಿಗುವ ಶೀಟ್‌ಗಳಲ್ಲೆಲ್ಲ ಅಲ್ಲಿ ಸುಮ್ನೆ ಸಿ ಅಂತ ಇದೆ. ತಲೆ ಕೆಟ್ಟುಹೋಗಿದೆ. ಯಾವ ಕಾರ್ಡ್ ಇರಬಹುದು?

ಕರಿಬಿಳಿಮನೆ:
ಯಾವ ಹಾಡು? ಗಿಟಾರಾ, ಕೀಬೋರ್ಡಾ? ಕೇಪೋ (ಶ್ರುತಿ ಏರಿಸಲು ತಂತಿಗಳ ಮೇಲೆ ಹಾಕುವ ಕ್ಲಿಪ್) ಇದೆಯಾ? ಇದೊಂದನ್ನೂ ಹೇಳದಿದ್ದರೆ ಹೇಗೆ?

ಶ್ರುತಿಪೆಟ್ಟಿಗೆ:
ಹಾಡು ಯಾವುದೇ ಇರಲಿ, ಮೊದಲು ಶ್ರುತಿ ನೋಡಿ. ನಿಮ್ಮ ಟ್ಯೂನರ್‌ಗೆ ಎ ಅಂದರೆ 440 ಹರ್ಟ್ಸ್. ಹಳೇ ರೆಕಾರ್ಡಿಂಗ್ ಹಾಗಿರಬೇಕು ಅಂತೇನಿಲ್ಲ. ಟೇಪಿನ ವೇಗ ಶೇ. 3ರಷ್ಟು ಜಾಸ್ತಿಯಾದರೆ ಸಾಕು, ಇಡೀ ಹಾಡು ಸುಮಾರು ಅರ್ಧ ಸೆಮಿಟೋನ್ (ಗಿಟಾರಿನ ಒಂದು ಮನೆಯ ಅಂತರ ಒಂದು ಸೆಮಿಟೋನ್) ಮೇಲೇರುತ್ತದೆ. ಆಮೇಲೆ ಯಾವ ಕಾರ್ಡ್ ಹಾಕಿದರೂ ಕೂರುವುದಿಲ್ಲ.

ಮಂದ್ರ:
ಹಾಗಿದ್ದರೆ ಪಲ್ಲವಿಯೂ ಕೂರಬಾರದಿತ್ತು, ಅಲ್ವಾ? ಅವರಿಗೆ ತೊಂದರೆ ಇರುವುದು ಒಂದೇ ಜಾಗದಲ್ಲಿ.

ಶ್ರುತಿಪೆಟ್ಟಿಗೆ:
ಕಿವಿ ಹೊಂದಿಕೊಂಡುಬಿಡುತ್ತದೆ. ಸರಳ ಕಾರ್ಡ್‌ಗಳಲ್ಲಿ ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ. ಆರುತಂತಿ, ನಿಧಾನ ಮಾಡಿಕೊಂಡು ಕೇಳುತ್ತಿದ್ದೀರಾ? ಆಡಿಯೋ ಎಡಿಟರ್‌ನಲ್ಲಿ ಟೆಂಪೋ (ಶ್ರುತಿ ಬದಲಿಸದೆ ವೇಗ ಬದಲಿಸುವುದು) ಬಿಟ್ಟು ಸ್ಪೀಡ್ ಇಳಿಸಿದರೆ ಶ್ರುತಿಯೂ ಇಳಿಯುತ್ತದೆ. ಶೇ. 75ಕ್ಕೆ ತಂದರೆ ಹೆಚ್ಚುಕಡಿಮೆ 5 ಸೆಮಿಟೋನ್ ಕೆಳಗೆ.

ಆರುತಂತಿ:
ಇಲ್ಲ, ಮಾಮೂಲಿ ವೇಗದಲ್ಲೇ ಕೇಳುತ್ತಿದ್ದೇನೆ. ಗಿಟಾರ್, ಕೇಪೋ ಇಲ್ಲ. ಟ್ಯೂನರ್ ಇಟ್ಟುಕೊಂಡೇ ಶ್ರುತಿ ಮಾಡಿದ್ದು.

ಶ್ರುತಿಪೆಟ್ಟಿಗೆ:
ನಿಮ್ಮ ಗಿಟಾರ್ ಸರಿಯಿದೆ ಸರಿ, ಹಾಡು? ಅದರಲ್ಲೊಂದು ಉದ್ದನೆಯ ಸ್ವರ ಹುಡುಕಿ ಟ್ಯೂನರ್‌ಗೆ ಕೇಳಿಸಿ.

ಕರಿಬಿಳಿಮನೆ:
ಅದನ್ನು ಬಿಡಿ. ಸಿ6 ನುಡಿಸಿ ನೋಡಿದ್ರಾ? ಸಿ, ಇ, ಜಿ, ಎ. ಎ ಮೈನರ್ 7ರಲ್ಲೂ ಇವೇ ನಾಲ್ಕು ಸ್ವರ, ಬೇಸ್ (ಎಲ್ಲಕ್ಕಿಂತ ಕೆಳಗಿನ ಸ್ವರ) ಕೇಳಿದರೆ ಮಾತ್ರ ಯಾವುದು ಅಂತ ಗೊತ್ತಾಗುವುದು. ಇನ್ನೊಂದು ಮಾತು. ಹಾಡು ಮೋಹನ ರಾಗದಲ್ಲಿದ್ದರೆ ಅಲ್ಲಿ ಸಿ ಕಾರ್ಡೇ ಬರಬಾರದು. ಜಿ ಷಡ್ಜ (ಸ) ಆದರೆ ಸಿ ಮಧ್ಯಮ (ಮ). ಮೋಹನದಲ್ಲಿ ಮಧ್ಯಮ ಎಲ್ಲಿದೆ?

ಮಂದ್ರ:
ರಾಗದ ಕಟ್ಟು ಹಾಡುವ ಸಾಲಿಗೆ. ಹಿಂದೆ ನುಡಿಯುವ ಕಾರ್ಡಿಗೂ ಅದನ್ನು ಹೇರಬೇಕಾಗಿಲ್ಲ. ಮೋಹನದ ಸಾಲಿನ ಕೆಳಗೆ ಮಧ್ಯಮದ ಕಾರ್ಡ್ ಇಟ್ಟ ಸಿನಿಮಾ ಹಾಡುಗಳು ಬೇಕಾದಷ್ಟಿವೆ.

ಕರಿಬಿಳಿಮನೆ:
ಇರಬಹುದು. ರಾಗದ ಬಣ್ಣ ಕೆಡುತ್ತದೆ. ನಾನಂತೂ ಒಪ್ಪುವುದಿಲ್ಲ.

ಮಂದ್ರ:
ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಆರುತಂತಿ, ಹಾಡನ್ನು ಯಾವುದರಲ್ಲಿ ಕೇಳುತ್ತಿದ್ದೀರಿ? ಆ ಜಾಗದಲ್ಲಿ ಹಾಡುವವರು ಹಿಡಿದು ನಿಲ್ಲಿಸುವ ಸ್ವರ ಯಾವುದು? ಗಿಟಾರ್ ಬದಿಗಿಡಿ. ಆ ಸ್ವರವನ್ನು ಮೊದಲು ಗುನುಗಿ, ಆಮೇಲೆ ತಂತಿಯ ಮೇಲೆ ಹುಡುಕಿ.

ಆರುತಂತಿ:
ಫೋನ್ ಸ್ಪೀಕರ್‌ನಲ್ಲಿ. ಸ್ವರ ಇ ಫ್ಲಾಟ್ (ಇ-ಗಿಂತ ಒಂದು ಸೆಮಿಟೋನ್ ಕೆಳಗೆ) ಬರುತ್ತಿದೆ. ಆದರೆ ಜಿ ಮೇಜರ್‌ನಲ್ಲಿ ಇ ಫ್ಲಾಟ್ ಇಲ್ಲವಲ್ಲ?

ಮಂದ್ರ:
ನಿಮ್ಮ ಕಚ್ಚಾಟ ಅಲ್ಲೇ ಇದೆ. ನೀವು ನುಡಿಸುವ ಸಿ ಕಾರ್ಡಿನಲ್ಲಿ ಇ ಇದೆ, ದನಿ ಇ ಫ್ಲಾಟ್‌ನಲ್ಲಿದೆ. ಸಿ ಮೈನರ್ ಹಾಕಿ: ಸಿ, ಇ ಫ್ಲಾಟ್, ಜಿ. ಜಿ ಷಡ್ಜ ಇಟ್ಟುಕೊಂಡು ಹೇಳಿದರೆ ಚತುಶ್ರುತಿ ಧೈವತ (ಇ) ಹೋಗಿ ಶುದ್ಧ ಧೈವತ (ಇ ಫ್ಲಾಟ್) ಬಂದಿದೆ. ಮೇಜರ್ ಹಾಡಿನಲ್ಲಿ ಸ್ಕೇಲ್‌ನ ನಾಲ್ಕನೇ ಸ್ವರದ ಕಾರ್ಡನ್ನು (ಇಲ್ಲಿ ಸಿ) ಮೈನರ್ ಮಾಡುವುದು ತುಂಬಾ ಬಳಕೆಯಲ್ಲಿರುವ ಪಟ್ಟು. ಸಿ, ಸಿ ಮೈನರ್, ಜಿ ಅಂತ ಹೋದಾಗ ಒಳಗೆ ಇ, ಇ ಫ್ಲಾಟ್, ಡಿ ಅಂತ ಒಂದು ಎಳೆ ಇಳಿಯುತ್ತದೆ. ಎಷ್ಟು ಸಲ ಕೇಳಿದರೂ ಆ ಇಳಿತ ನನಗೆ ಹಿಡಿಸುತ್ತದೆ. ಸ್ಕೇಲ್‌ನಲ್ಲಿ ಇಲ್ಲ ಅಂತ ಕಿವಿಗೆ ಬಿದ್ದ ಸ್ವರವನ್ನು ಬಿಡಬೇಡಿ.

ಆದರೆ ಇಷ್ಟಕ್ಕೇ ತೀರ್ಮಾನ ಬೇಡ. ಎ ಫ್ಲಾಟ್ ಮೇಜರ್‌ನಲ್ಲೂ ಸಿ ಮತ್ತು ಇ ಫ್ಲಾಟ್ ಇವೆ. ಬೇಸ್ ಕೇಳಲೇಬೇಕು. ಬೇಸ್ ಗಿಟಾರಿನ ಎ ತಂತಿಯ ಮೂರನೇ ಫ್ರೆಟ್ಟಿನ ಸಿ ಸುಮಾರು 65 ಹರ್ಟ್ಸ್. ಫೋನ್ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಇಯರ್‌ಫೋನ್ ಹಾಕಿ. ಆಗಲೂ ಮಸುಕಾಗಿದ್ದರೆ ಎಡಿಟರ್‌ನಲ್ಲಿ ಪಿಚ್ 12 ಸೆಮಿಟೋನ್ ಏರಿಸಿ. ಬೇಸ್ ಒಂದು ಆಕ್ಟೇವ್ ಮೇಲೆ ಬಂದು ಬಿಡಿಬಿಡಿಯಾಗಿ ಕೇಳುತ್ತದೆ.

ಶ್ರುತಿಪೆಟ್ಟಿಗೆ:
ಇಯರ್‌ಫೋನ್ ಸಾಲದು. ನಾನು ಆಡಿಯೋ ಇಂಟರ್‌ಫೇಸ್‌ಗೆ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಹಾಕಿ ಕೇಳುತ್ತೇನೆ, ಪಕ್ಕದಲ್ಲಿ ಸ್ಟ್ರೋಬ್ ಟ್ಯೂನರ್. ಒಂದು ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗ) ಆಚೀಚೆ ಆದರೂ ಕಾಣುತ್ತದೆ.

ಕರಿಬಿಳಿಮನೆ:
ಯಾವ ಸ್ಟ್ರೋಬ್, ಪೆಡಲ್ಲಾ ಕ್ಲಿಪ್ಪಾ? ನನ್ನ 61 ಕೀ ಇರುವ ಕೀಬೋರ್ಡನ್ನೂ ಅದೇ ಥರ ಇಂಟರ್‌ಫೇಸ್‌ಗೆ ಕೊಟ್ಟಿದ್ದೇನೆ. ಎಡಗಿವಿಗೆ ಹಾಡು, ಬಲಗಿವಿಗೆ ಕೀಬೋರ್ಡ್. ಸ್ವರ ತಾಳೆ ನೋಡಲು ಬಹಳ ಅನುಕೂಲ.

ಶ್ರುತಿಪೆಟ್ಟಿಗೆ:
ಪೆಡಲ್. ಎಡ-ಬಲ ಬೇರೆ ಮಾಡುವುದು ಒಳ್ಳೇ ಉಪಾಯ. ಮಿಕ್ಸರ್ ಬೇಕಾ ಅದಕ್ಕೆ?

ಆರುತಂತಿ:
ಇಯರ್‌ಫೋನ್ ಹಾಕಿ ಕೇಳಿದೆ. ಬೇಸ್ ಸಿ. ಸಿ ಮೈನರ್ ಸರಿಯಾಗಿ ಕೂತಿತು, ತುಂಬಾ ಥ್ಯಾಂಕ್ಸ್ ಮಂದ್ರ! ಆದರೆ ಈಗ ಚರಣದ ಮೊದಲ ಸಾಲಿನಲ್ಲಿ ಇನ್ನೊಂದು ಕೇಳಿಸುತ್ತಿದೆ. ಜಿ ಮತ್ತು ಇ ಮೈನರ್ ನಡುವೆ ಬೇಸ್ ಎಫ್ ಶಾರ್ಪ್ ಮುಟ್ಟಿ ಹೋಗುತ್ತದೆ. ಅಲ್ಲಿ ಯಾವ ಕಾರ್ಡ್?

ಮಂದ್ರ:
ಹೆಚ್ಚಾಗಿ ಎಫ್ ಶಾರ್ಪ್ ಬೇಸ್ ಇಟ್ಟ ಡಿ. ಬೇಸ್ ಜಿ, ಎಫ್ ಶಾರ್ಪ್, ಇ ಅಂತ ಇಳಿಯುತ್ತದೆ.

ಕರಿಬಿಳಿಮನೆ:
ಬಿ ಮೈನರ್ ಕೂಡ ಆಗಬಹುದು. ಡಿ ಮತ್ತು ಎಫ್ ಶಾರ್ಪ್ ಎರಡು ಕಾರ್ಡಿನಲ್ಲೂ ಇವೆ.

ಮಂದ್ರ:
ಆಗಬಹುದು. ಹಾಗಾದರೆ ಮೂರನೇ ಸ್ವರ ನೋಡಿ ಆರುತಂತಿ. ಎ ಕೇಳಿದರೆ ಡಿ, ಬಿ ಕೇಳಿದರೆ ಬಿ ಮೈನರ್. ಎರಡನ್ನೂ ಹಾಡಿನ ಜೊತೆ ಗುನುಗಿ, ಯಾವುದು ಕೂತಿತು ಹೇಳಿ.