ಹಳೆಯ ಕಾಮಿಗಾವಾ ಸಮುರಾಯ್ ಕಾರ್ಡ್‌ಗಳನ್ನು ಕಮಾಂಡರ್ ಆಟಕ್ಕಾಗಿ ಹೇಗೆ ಅಳೆಯಬೇಕು?

ಹೊಸಡೆಕ್ (ಪ್ರಶ್ನೆ)

ನನ್ನ ಸೋದರಮಾವನ ಮಗ ವಿದೇಶದಲ್ಲಿ ಓದುತ್ತಿದ್ದಾಗ ಕೊಂಡಿದ್ದ ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್‌ಗಳ ಡಬ್ಬವೊಂದು ಈಗ ನನ್ನ ಕೈ ಸೇರಿದೆ. ಹೆಚ್ಚಿನವು 2004–05ರ ಕಾಮಿಗಾವಾ ಸೆಟ್‌ಗಳವು. ಸಮುರಾಯ್‌ಗಳನ್ನು ಬೇರೆ ಮಾಡಿಟ್ಟಿದ್ದೇನೆ: ಕೊಂಡಾ, ಟಕೆನೊ, ನಗಾವೊ, ತೊಶಿರೊ ಉಮೆಝಾವಾ, ಫುಮಿಕೊ, ಕಿತ್ಸುನೆ ಬ್ಲೇಡ್‌ಮಾಸ್ಟರ್, ಸಮುರಾಯ್ ಆಫ್ ದ ಪೇಲ್ ಕರ್ಟನ್, ಹ್ಯಾಂಡ್ ಆಫ್ ಆನರ್, ಜೊತೆಗೆ ಬ್ರದರ್ಸ್ ಯಮಝಾಕಿಯ ಎರಡು ಪ್ರತಿಗಳು. ಗೋಡೊ, ಬ್ಯಾಂಡಿಟ್ ವಾರ್‌ಲಾರ್ಡ್ ಕೂಡ ಇದೆ.

ನಾವು ನಾಲ್ವರು ಸ್ನೇಹಿತರು ವಾರಾಂತ್ಯದಲ್ಲಿ ಕಮಾಂಡರ್ (ಒಂದು ಜೀವಿ-ಕಾರ್ಡನ್ನು ನಾಯಕನಾಗಿಟ್ಟು ಅದರ ಸುತ್ತ ಡೆಕ್ ಕಟ್ಟಿ, ಹಲವರು ಸೇರಿ ಆಡುವ ಮ್ಯಾಜಿಕ್‌ನ ಬಗೆ) ಆಡುತ್ತೇವೆ. 2022ರ ನಿಯಾನ್ ಡೈನಾಸ್ಟಿ ಸೆಟ್‌ನ ಇಶ್ಶಿನ್ ಅನ್ನು ಕಮಾಂಡರ್ ಆಗಿ ಇಟ್ಟುಕೊಂಡು ಕೆಂಪು, ಬಿಳಿ, ಕಪ್ಪು ಬಣ್ಣಗಳ ಡೆಕ್ ಕಟ್ಟಬೇಕೆಂದಿದ್ದೇನೆ. ದಾಳಿಯಿಂದ ಹೊಮ್ಮುವ ಪರಿಣಾಮಗಳನ್ನು ಇಶ್ಶಿನ್ ಇಮ್ಮಡಿಗೊಳಿಸುತ್ತದೆಯಾದ್ದರಿಂದ, ಈ ಹಳೆಯ ಕಾರ್ಡ್‌ಗಳ ಬುಶಿಡೊ (ಕಾಳಗದಲ್ಲಿ ಜೀವಿಯ ಬಲ ಹೆಚ್ಚಿಸುವ ಗುಣ) ಕೂಡ ಇಮ್ಮಡಿಯಾಗಬಹುದಲ್ಲವೇ? ಯಾವುದನ್ನು ಡೆಕ್‌ಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ನಾಲ್ಕನೇ ಕುರ್ಚಿ

ಮೊದಲು ಬುಶಿಡೊ ವಿಚಾರ. ಇಶ್ಶಿನ್ ಅದನ್ನು ಇಮ್ಮಡಿಗೊಳಿಸುವುದಿಲ್ಲ. ಬುಶಿಡೊ ಹೊಮ್ಮುವುದು ಆ ಜೀವಿ ಬ್ಲಾಕ್ ಮಾಡಿದಾಗ (ದಾಳಿಗೆ ಬಂದ ಜೀವಿಯನ್ನು ಅಡ್ಡಗಟ್ಟಿದಾಗ) ಅಥವಾ ಅದನ್ನು ಯಾರಾದರೂ ಬ್ಲಾಕ್ ಮಾಡಿದಾಗ ಮಾತ್ರ; ದಾಳಿಗೆ ಹೊರಟ ಗಳಿಗೆಗೂ ಅದಕ್ಕೂ ಸಂಬಂಧವಿಲ್ಲ. ಇಶ್ಶಿನ್ ಗಮನಿಸುವುದಾದರೋ ದಾಳಿಯಿಂದ ಹೊಮ್ಮಿದ್ದನ್ನು ಮಾತ್ರ.

ಇದಕ್ಕಿಂತ ಮುಖ್ಯವಾದ ತೊಡಕೆಂದರೆ, ಬುಶಿಡೊ ಕೆಲಸ ಮಾಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ನೀವಲ್ಲ, ಎದುರಾಳಿ. ಕಿತ್ಸುನೆ ಬ್ಲೇಡ್‌ಮಾಸ್ಟರ್ 2/2 (ಹೊಡೆತದ ಬಲ 2, ತಾಳಿಕೆ 2), ಫಸ್ಟ್ ಸ್ಟ್ರೈಕ್ ಇದೆ, ಬುಶಿಡೊ 1 (ಹೊಮ್ಮಿದಾಗ +1/+1). ಅದನ್ನು 3/3 ಜೀವಿಯೊಂದು ಬ್ಲಾಕ್ ಮಾಡಿದರೆ ಇದೂ 3/3 ಆಗಿ, ಮೊದಲು ಹೊಡೆದು, ಗಾಯವಿಲ್ಲದೆ ಹಿಂದಿರುಗುತ್ತದೆ. ಇದನ್ನು ಬಲ್ಲ ಎದುರಾಳಿ ಬ್ಲಾಕ್ ಮಾಡದೆ ಎರಡು ಜೀವಾಂಕ ಬಿಟ್ಟುಕೊಡುತ್ತಾನೆ. ತಲಾ 20 ಜೀವಾಂಕಗಳ ಇಬ್ಬರ ಆಟದಲ್ಲಿ ಆ ಎರಡಕ್ಕೆ ಬೆಲೆಯಿದೆ. ಎದುರಿಗೆ ಮೂವರು ತಲಾ 40 ಇಟ್ಟುಕೊಂಡು ಕುಳಿತ ಕಮಾಂಡರ್ ಮೇಜಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಹಳೆಯ ಸಮುರಾಯ್ ಒಂದನ್ನು ಕೈಗೆತ್ತಿಕೊಂಡಾಗ ಬುಶಿಡೊ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಉಳಿದದ್ದನ್ನಷ್ಟೇ ಓದಿ ನೋಡಿ. ಆಗಲೂ ಆ ಕಾರ್ಡ್ ಬೇಕೆನ್ನಿಸಿದರೆ ಡೆಕ್‌ಗೆ ಸೇರಿಸಿ.

ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಗೆಲ್ಲುವುದು ತೊಶಿರೊ. ಎದುರಾಳಿಯ ಜೀವಿ ಸತ್ತಾಗಲೆಲ್ಲ ನಿಮ್ಮ ಗ್ರೇವ್‌ಯಾರ್ಡ್‌ನಲ್ಲಿರುವ (ಬಳಸಿದ, ಸತ್ತ ಕಾರ್ಡ್‌ಗಳ ರಾಶಿಯಲ್ಲಿರುವ) ಇನ್‌ಸ್ಟಂಟ್ ಮಂತ್ರವೊಂದನ್ನು ಅದರ ಮಾನಾ (ಕಾರ್ಡ್ ಆಡಲು ತೆರುವ ಶಕ್ತಿ) ತೆತ್ತು ಮತ್ತೆ ಪ್ರಯೋಗಿಸಬಹುದು. ಇಬ್ಬರ ಆಟಕ್ಕಿಂತ ನಾಲ್ವರ ಆಟದಲ್ಲಿ ಸಾವುಗಳು ಹೆಚ್ಚು, ಹಾಗಾಗಿ ಈ ಕಾರ್ಡ್‌ನ ಬೆಲೆಯೂ ಹೆಚ್ಚು. ಆದರೆ ಪೇಲ್ ಕರ್ಟನ್ ಅನ್ನು ಇದರ ಜೊತೆಯಲ್ಲಿ ಇಡಬೇಡಿ. ಅದು ಕಣದಲ್ಲಿರುವಾಗ ಗ್ರೇವ್‌ಯಾರ್ಡ್‌ಗೆ ಹೋಗಬೇಕಾದ ಜೀವಿಗಳೆಲ್ಲ ಎಕ್ಸೈಲ್ ಆಗುತ್ತವೆ (ಆಟದಿಂದಲೇ ಹೊರಬೀಳುತ್ತವೆ), ಅಂದರೆ ನಿಯಮದ ಪ್ರಕಾರ ಅವು ಸಾಯುವುದೇ ಇಲ್ಲ. ಅಲ್ಲಿಗೆ ತೊಶಿರೊ ಕೈಕಟ್ಟಿ ಕೂರಬೇಕಾಗುತ್ತದೆ. ನಿಮ್ಮ ಗುಂಪಿನಲ್ಲಿ ಸತ್ತವುಗಳನ್ನು ಎಬ್ಬಿಸುವ ಡೆಕ್‌ಗಳೇ ಹೆಚ್ಚಿದ್ದರೆ ಪೇಲ್ ಕರ್ಟನ್ ಇರಲಿ, ಇಲ್ಲವಾದರೆ ತೊಶಿರೊ.

ಫುಮಿಕೊ ಕೂಡ ಒಳ್ಳೆಯ ಆಯ್ಕೆ. ಎದುರಾಳಿಗಳ ಜೀವಿಗಳು ಸಾಧ್ಯವಾದಾಗಲೆಲ್ಲ ದಾಳಿ ಮಾಡಲೇಬೇಕೆಂಬ ನಿಯಮವನ್ನು ಅವಳು ಹೇರುತ್ತಾಳೆ. ಆದರೆ ಯಾರ ಮೇಲೆ ಎಂಬುದನ್ನು ಹೇಳುವುದಿಲ್ಲ. ನಿಮ್ಮ ಕಡೆ ಗಟ್ಟಿ ಬ್ಲಾಕರ್‌ಗಳಿದ್ದರೆ ಅವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ದಣಿದ (ದಾಳಿ ಮಾಡಿದ್ದರಿಂದ ಬ್ಲಾಕ್ ಮಾಡಲಾಗದ) ಜೀವಿಗಳನ್ನು ಮುಂದಿಟ್ಟುಕೊಂಡು ನಿಮ್ಮ ಸರದಿಗೆ ತೆರೆದುಕೊಳ್ಳುತ್ತಾರೆ. ಅವಳ ಬುಶಿಡೊ ಅಂಕಿಯಾದರೋ ದಾಳಿಗೆ ಬಂದ ಜೀವಿಗಳ ಸಂಖ್ಯೆಯಷ್ಟು. ಹಳೆಯ ಬುಶಿಡೊ ಕಾರ್ಡ್‌ಗಳಲ್ಲಿ ಎದುರಾಳಿಯ ಕೈಯಿಂದ ಆಯ್ಕೆಯನ್ನೇ ಕಿತ್ತುಕೊಳ್ಳುವ ಈ ಜಾಣತನ ನನಗೆ ಬಲು ಇಷ್ಟ.

ಇಶ್ಶಿನ್‌ಗೆ ನಿಜವಾಗಿ ಹೊಂದುವ ಹಳಬ ನಗಾವೊ. ಅವನು ದಾಳಿ ಮಾಡಿದಾಗ ನಿಮ್ಮ ಸಮುರಾಯ್‌ಗಳಿಗೆಲ್ಲ +1/+1, ಇಶ್ಶಿನ್ ಇದ್ದರೆ +2/+2. ಹ್ಯಾಂಡ್ ಆಫ್ ಆನರ್, ಬ್ಲೇಡ್‌ಮಾಸ್ಟರ್ ಎರಡನ್ನೂ ಬಿಡಿ.

ಕೊಂಡಾ ಪಕ್ಷಪಾತಿ

ಮೇಲಿನವರ ಹೆಬ್ಬೆರಳಿನ ಪರೀಕ್ಷೆ ಬಹುಮಟ್ಟಿಗೆ ಸರಿ, ಆದರೆ ಅದು ಟಕೆನೊ ಮುಂದೆ ಸೋಲುತ್ತದೆ. ನಿಮ್ಮ ಬೇರೆ ಸಮುರಾಯ್‌ಗಳಿಗೆ ಎಷ್ಟು ಬುಶಿಡೊ ಇದೆಯೋ ಅಷ್ಟು +1/+1ಗಳನ್ನು ಆತ ಸದಾಕಾಲ ಕೊಡುತ್ತಾನೆ, ಯಾರೂ ಬ್ಲಾಕ್ ಮಾಡಬೇಕಾಗಿಲ್ಲ. ಕೊಂಡಾ 3/3, ಬುಶಿಡೊ 5. ಟಕೆನೊ ಪಕ್ಕದಲ್ಲಿದ್ದರೆ ಆತ ನಿಂತಲ್ಲೇ 8/8. ಬ್ಲಾಕ್ ಮಾಡಿದವರ ಪಾಲಿಗೆ 13/13. ಕೊಂಡಾ ನಾಶವಾಗದ ಜೀವಿಯಾದ್ದರಿಂದ ಕಣವನ್ನೆಲ್ಲ ಗುಡಿಸಿ ಹಾಕುವ ರಾಥ್ ಆಫ್ ಗಾಡ್‌ನಂಥ ಮಂತ್ರದ ನಂತರವೂ ಉಳಿಯುತ್ತಾನೆ, ದಾಳಿ ಮಾಡಿಯೂ ದಣಿಯದೆ ಕಾವಲಿಗೆ ನಿಲ್ಲುತ್ತಾನೆ.

ಹಾಗೆಂದು ಇವರಿಬ್ಬರೂ ಇಶ್ಶಿನ್ ಡೆಕ್‌ಗೆ ಬೇಕೆಂದು ನಾನು ವಾದಿಸುವುದಿಲ್ಲ. ಟಕೆನೊಗೆ 6 ಮಾನಾ, ಕೊಂಡಾಗೆ 7; ಮೂರು ಮಾನಾದ ಕಮಾಂಡರ್ ಇಟ್ಟುಕೊಂಡು ಬೇಗ ನುಗ್ಗಬೇಕೆನ್ನುವ ಡೆಕ್ ಅಷ್ಟು ಹೊತ್ತು ಕಾಯಲಾರದು. ಕೊಂಡಾನನ್ನೇ ಕಮಾಂಡರ್ ಮಾಡಿ ಬಿಳಿಯ ಡೆಕ್ ಕಟ್ಟುವುದು ಬೇರೆ ದಾರಿ. ಒಬ್ಬನೇ ಇದ್ದು ಯಾರೂ ಬ್ಲಾಕ್ ಮಾಡದಿದ್ದರೆ ಒಬ್ಬ ಎದುರಾಳಿಗೆ 21 ಕಮಾಂಡರ್ ಹಾನಿ (ಒಂದೇ ಕಮಾಂಡರ್‌ನಿಂದ ಇಷ್ಟು ಹಾನಿಯಾದರೆ ಆತ ಸೋತಂತೆ) ಮುಟ್ಟಿಸಲು ಏಳು ಹೊಡೆತ ಬೇಕು. ಟಕೆನೊ ಇದ್ದರೆ ಮೂರೇ ಸಾಕು.

ಇನ್ನೊಂದು ಎಚ್ಚರಿಕೆ. ನಿಯಾನ್ ಡೈನಾಸ್ಟಿಯಲ್ಲಿ ಬುಶಿಡೊ ಮರಳಿ ಬರಲಿಲ್ಲ. ಅದರ ಬದಲು ಸಮುರಾಯ್ ಅಥವಾ ಯೋಧನೊಬ್ಬ ಏಕಾಂಗಿಯಾಗಿ ದಾಳಿ ಮಾಡಿದಾಗ ಫಲ ಕೊಡುವ ಕಾರ್ಡ್‌ಗಳು ಬಂದವು. ಹೈಕೊ ಯಮಝಾಕಿ, ನೊರಿಕಾ ಯಮಝಾಕಿ, ರೈಯೂ ಎಲ್ಲರೂ ಈ ಬಗೆಯವರು. ನಗಾವೊ ಬಯಸುವುದು ದಂಡು, ಇವರು ಬಯಸುವುದು ಒಂಟಿ ಯೋಧನನ್ನು. ಎರಡನ್ನೂ ಸಮಸಮವಾಗಿ ಬೆರೆಸಿದ ಡೆಕ್‌ನಲ್ಲಿ ಪ್ರತಿ ಸರದಿಯಲ್ಲೂ ಕೈಯಲ್ಲಿರುವ ಅರ್ಧ ಕಾರ್ಡ್‌ಗಳು ವ್ಯರ್ಥ. ‘ಸಮುರಾಯ್’ ಎಂಬ ಹಣೆಪಟ್ಟಿ ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ.

ಹೊಸಡೆಕ್

ಇಬ್ಬರಿಗೂ ಧನ್ಯವಾದಗಳು. ದಂಡಿನ ದಾರಿಯನ್ನೇ ಹಿಡಿಯುತ್ತೇನೆ. ನಗಾವೊ, ಫುಮಿಕೊ, ತೊಶಿರೊ ಉಳಿಯುತ್ತಾರೆ. ಗೋಡೊ ಬಗ್ಗೆ ಯಾರೂ ಹೇಳಲಿಲ್ಲ. ಹಾಗೆಯೇ, ಡೆಕ್‌ಗೆ ಸೇರದವುಗಳನ್ನು ಈಗಲೇ ಮಾರಬೇಕೇ ಅಥವಾ ಬೆಲೆ ಏರುವವರೆಗೆ ಕಾಯಬೇಕೇ?

ಭೂತಗನ್ನಡಿ

ಗೋಡೊ ಕಾರ್ಡ್‌ನ ನಡುವಿನ ಸಾಲನ್ನು ಓದಿ: ಅಲ್ಲಿರುವುದು ‘ಹ್ಯೂಮನ್ ಬಾರ್ಬೇರಿಯನ್’. ಅವನು ಸಮುರಾಯ್ ಅಲ್ಲ, ಆದ್ದರಿಂದ ನಗಾವೊ ಕೊಡುವ ಬಲ ಅವನಿಗೆ ಸಿಗುವುದಿಲ್ಲ. ಆದರೂ ನಿಮ್ಮ ಡಬ್ಬದಲ್ಲಿ ನಿಮ್ಮ ಡೆಕ್‌ಗೆ ಅತ್ಯಂತ ಬಲಶಾಲಿಯಾದದ್ದು ಅದೇ. ಕಣಕ್ಕೆ ಬಂದೊಡನೆ ಡೆಕ್‌ನಿಂದ ಒಂದು ಆಯುಧವನ್ನು ಹುಡುಕಿ ನೇರವಾಗಿ ಕಣಕ್ಕಿಳಿಸುತ್ತಾನೆ; ಸರದಿಯಲ್ಲಿ ಮೊದಲ ಸಲ ದಾಳಿ ಮಾಡಿದಾಗ ತನ್ನನ್ನೂ ನಿಮ್ಮ ಸಮುರಾಯ್‌ಗಳನ್ನೂ ಮತ್ತೆ ಸಜ್ಜುಗೊಳಿಸಿ ಇನ್ನೊಂದು ಕಾಳಗದ ಹಂತವನ್ನು ಕೊಡುತ್ತಾನೆ. ಇದು ದಾಳಿಯಿಂದಲೇ ಹೊಮ್ಮುವ ಪರಿಣಾಮವಾದ್ದರಿಂದ ಇಶ್ಶಿನ್ ಇದ್ದರೆ ಹೆಚ್ಚುವರಿ ಹಂತಗಳು ಎರಡು. 2018ರ ಡೊಮಿನೇರಿಯಾ ಸೆಟ್‌ನ ಹೆಲ್ಮ್ ಆಫ್ ದ ಹೋಸ್ಟ್ ಅನ್ನು ತಂದು ತೊಡಿಸಿದರಂತೂ ಪ್ರತಿ ಕಾಳಗದ ಆರಂಭದಲ್ಲೂ ಗೋಡೊನ ಹೊಸ ಪ್ರತಿಯೊಂದು ಹುಟ್ಟಿ, ಆ ಪ್ರತಿಯ ಮೊದಲ ದಾಳಿ ಮತ್ತೊಂದು ಕಾಳಗವನ್ನು ತಂದು, ಯಾರಾದರೂ ತಡೆಯುವವರೆಗೆ ಆಟ ನಿಲ್ಲುವುದೇ ಇಲ್ಲ. ಗೋಡೊಗೆ 6, ತೊಡಿಸಲು 5, ಒಟ್ಟು 11 ಮಾನಾ. ಸ್ನೇಹಿತರ ಗುಂಪಿನಲ್ಲಿ ಇದನ್ನು ಬಳಸುವ ಮುನ್ನ ಒಮ್ಮೆ ಕೇಳಿಬಿಡುವುದು ಒಳ್ಳೆಯದು.

ಇನ್ನು ಮಾರಾಟ. ಮರುಮುದ್ರಿಸುವುದಿಲ್ಲವೆಂದು ಪ್ರಕಾಶಕರು ಮಾತು ಕೊಟ್ಟಿರುವ ರಿಸರ್ವ್ಡ್ ಲಿಸ್ಟ್‌ನಲ್ಲಿ 1999ರ ನಂತರದ ಸೆಟ್‌ಗಳ ಕಾರ್ಡ್‌ಗಳಿಲ್ಲ. ಆದ್ದರಿಂದ ಕಾಮಿಗಾವಾದ ಯಾವ ಕಾರ್ಡನ್ನಾದರೂ ನಾಳೆ ಮತ್ತೆ ಅಚ್ಚು ಹಾಕಬಹುದು. ಹಳೆಯದಾದಷ್ಟೂ ಬೆಲೆ ಏರುತ್ತದೆಂಬ ಲೆಕ್ಕಾಚಾರಕ್ಕೆ ಇಲ್ಲಿ ಆಧಾರ ಕಡಿಮೆ. ಆಡದ ಕಾರ್ಡ್‌ಗಳನ್ನು ಹಿಡಿದಿಟ್ಟುಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಅಂದಿನ ಫಾಯಿಲ್ (ಹೊಳೆಯುವ) ಪ್ರತಿಗಳಿದ್ದರೆ ಮಾತ್ರ ಅವನ್ನು ಬೇರೆಯಾಗಿ ಬೆಲೆ ಕಟ್ಟಿಸಿ.

ಮಾರುವ ಮುನ್ನ ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡಿ. ಹಿಂಬದಿಯ ಅಂಚುಗಳು ಬೆಳ್ಳಗಾಗಿವೆಯೇ, ಮೂಲೆಗಳು ಮಡಿಚಿವೆಯೇ, ಫಾಯಿಲ್ ಆದರೆ ಬಾಗಿದೆಯೇ ಎಂಬುದನ್ನೂ ಗಮನಿಸಿ. ಕೊಳ್ಳುವವರು ಅಸಲಿಯೇ ಎಂದು ಕೇಳಿದರೆ ಹಿಂಬದಿಯ ಐದು ಬಣ್ಣದ ಚುಕ್ಕೆಗಳಲ್ಲಿ ಹಸಿರನ್ನು ಆಭರಣದಂಗಡಿಯವರು ಬಳಸುವಂಥ ಭೂತಗನ್ನಡಿಯಲ್ಲಿ ತೋರಿಸಿ: ಅದರೊಳಗೆ ಕೆಂಪು ಬಣ್ಣದ ಸಣ್ಣ ಬಿಂದುಗಳು ಕಾಣಬೇಕು.

ಬ್ರದರ್ಸ್ ಯಮಝಾಕಿ ವಿಷಯ ಮರೆಯುತ್ತಿದ್ದೆ. ಎರಡು ಪ್ರತಿಗಳು ಜೊತೆಗಿದ್ದಾಗಲೇ ಅವು ಒಂದಕ್ಕೊಂದು ಬಲ ಕೊಡುವುದು, ಕಮಾಂಡರ್ ಡೆಕ್‌ನಲ್ಲಾದರೋ ಒಂದೇ ಪ್ರತಿಗೆ ಅವಕಾಶ. ಹಾಗಾಗಿ ನಿಮ್ಮ ಆಟಕ್ಕೆ ಅದು ಒದಗುವುದಿಲ್ಲ. ಆದರೆ ಆ ಕಾರ್ಡ್ ಎರಡು ಬೇರೆ ಬೇರೆ ಚಿತ್ರಗಳೊಡನೆ, 160ಎ ಮತ್ತು 160ಬಿ ಸಂಖ್ಯೆಗಳಲ್ಲಿ ಅಚ್ಚಾಗಿತ್ತು. ನಿಮ್ಮಲ್ಲಿರುವವು ಒಂದೊಂದು ಬಗೆಯವಾದರೆ ಬಿಡಿಬಿಡಿಯಾಗಿ ಕೊಡಬೇಡಿ, ಜೋಡಿಯಾಗಿಯೇ ಮಾರಿ.